ಅಪಘಾತದ ಸುತ್ತ ಗುಂಪು ಸೇರಿದರೂ ಯಾರೂ ಮುಂದೆ ಬಾರದಿರುವುದನ್ನು ಮನಶ್ಶಾಸ್ತ್ರ ನಿಜವಾಗಿ ವಿವರಿಸುತ್ತದೆಯೇ?

ಪ್ರಶ್ನೆ: ಹರಿಹರದ ಓದುಗ

ಎಲ್ಲರಿಗೂ ನಮಸ್ಕಾರ. 2017ರ ಫೆಬ್ರುವರಿಯಲ್ಲಿ ಕೊಪ್ಪಳದಲ್ಲಿ ಬಸ್ಸಿಗೆ ಸಿಲುಕಿದ ಸೈಕಲ್ ಸವಾರ ಹುಡುಗನೊಬ್ಬ ರಸ್ತೆಯ ಮೇಲೆ ರಕ್ತ ಸುರಿಸುತ್ತ ನೆರವಿಗಾಗಿ ಅಂಗಲಾಚುತ್ತಿದ್ದರೆ, ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರೆಂಬ ಸುದ್ದಿ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆ ಹುಡುಗ ಬದುಕಲಿಲ್ಲ. ಅಂಥ ಸುದ್ದಿ ಬಂದಾಗಲೆಲ್ಲ ನಮ್ಮ ಊರಿನ ಹೋಟೆಲಿನ ಬೆಂಚಿನ ಮೇಲೆ ಒಂದೇ ತೀರ್ಪು ಹೊರಬೀಳುತ್ತದೆ: ಜನರಲ್ಲಿ ಮಾನವೀಯತೆ ಸತ್ತುಹೋಗಿದೆ, ಕಾಲ ಕೆಟ್ಟಿದೆ. ಈಚೆಗೆ ನಮ್ಮ ಕಚೇರಿಯ ತರಬೇತಿಯೊಂದರಲ್ಲಿ ಇದಕ್ಕೆ 'ಬೈಸ್ಟ್ಯಾಂಡರ್ ಎಫೆಕ್ಟ್' (ನೋಡುತ್ತ ನಿಂತವರು ಹೆಚ್ಚಿದಷ್ಟೂ ಒಬ್ಬೊಬ್ಬರೂ ನೆರವಿಗೆ ಬರುವುದು ಕಡಿಮೆಯಾಗುವುದು) ಎನ್ನುತ್ತಾರೆಂದು ತಿಳಿಸಿ, ನ್ಯೂಯಾರ್ಕಿನಲ್ಲಿ 38 ಜನರ ಕಣ್ಣೆದುರೇ ಒಬ್ಬ ಯುವತಿಯ ಕೊಲೆಯಾದ ಕಥೆಯನ್ನು ಹೇಳಿದರು.

ನನಗೆ ಇವೆರಡರ ನಡುವೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಹೋಟೆಲಿನವರು ಕಾಲವನ್ನು ದೂರಿದರು, ತರಬೇತುದಾರರು ಅದಕ್ಕೊಂದು ಇಂಗ್ಲಿಷ್ ಹೆಸರಿಟ್ಟರು. ಹೆಸರಿಟ್ಟ ಮಾತ್ರಕ್ಕೆ ಕಾರಣ ತಿಳಿಯಿತೇ? ಮನಶ್ಶಾಸ್ತ್ರ ಇಂಥ ನಡವಳಿಕೆಯ ಕಾರಣವನ್ನು ಹೇಗೆ ಪತ್ತೆ ಹಚ್ಚುತ್ತದೆ, ಮತ್ತು ಪತ್ತೆ ಹಚ್ಚಿದ್ದು ಸರಿಯೆಂದು ಹೇಗೆ ಖಚಿತಪಡಿಸಿಕೊಳ್ಳುತ್ತದೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಮನಶ್ಶಾಸ್ತ್ರ ಉಪನ್ಯಾಸಕಿ, ಧಾರವಾಡ

ತಮ್ಮ ಸಂದೇಹ ನ್ಯಾಯವಾದದ್ದು. ಒಂದು ಘಟನೆ ನಡೆದ ಮೇಲೆ ಅದಕ್ಕೆ ಕಾರಣ ಹೇಳುವುದು ಯಾರಿಗೂ ಕಷ್ಟವಲ್ಲ. ಮನಶ್ಶಾಸ್ತ್ರ ಅಲ್ಲಿಗೇ ನಿಂತರೆ ಹೋಟೆಲಿನ ಬೆಂಚಿಗಿಂತ ಅದು ಮೇಲೇನೂ ಅಲ್ಲ. ಅದರ ಕೆಲಸ ಬೇರೆ ಬಗೆಯದು: ಸನ್ನಿವೇಶದ ಒಂದೇ ಒಂದು ಅಂಶವನ್ನು ಬದಲಿಸಿ, ಉಳಿದುದೆಲ್ಲವನ್ನೂ ಇದ್ದಂತೆಯೇ ಇರಿಸಿ, ಜನರ ನಡವಳಿಕೆ ಬದಲಾಗುತ್ತದೆಯೇ ಎಂದು ನೋಡುವುದು.

ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1968ರಲ್ಲಿ ಪ್ರಕಟಿಸಿದ ಪ್ರಯೋಗವನ್ನೇ ತೆಗೆದುಕೊಳ್ಳಿ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಪುಟ್ಟ ಕೋಣೆಗಳಲ್ಲಿ ಕೂರಿಸಿ, ಕಾಲೇಜು ಜೀವನದ ತೊಂದರೆಗಳ ಬಗ್ಗೆ ಮೈಕಿನ ಮೂಲಕ ಇತರರೊಂದಿಗೆ ಮಾತನಾಡಬೇಕೆಂದು ಹೇಳಲಾಗಿತ್ತು. ಆ 'ಇತರರು' ವಾಸ್ತವದಲ್ಲಿ ಮೊದಲೇ ಮುದ್ರಿಸಿಟ್ಟ ಧ್ವನಿಗಳು. ಅವರಲ್ಲೊಬ್ಬ ತನಗೆ ಆಗಾಗ ಫಿಟ್ಸ್ ಬರುತ್ತದೆಂದು ಸಂಕೋಚದಿಂದ ಹೇಳಿಕೊಳ್ಳುತ್ತಾನೆ. ಎರಡನೆಯ ಸುತ್ತಿನಲ್ಲಿ ಅವನ ಮಾತು ತೊದಲಿ, ಉಸಿರು ಕಟ್ಟಿ, ಸಹಾಯ ಬೇಡುತ್ತ ನಿಂತುಹೋಗುತ್ತದೆ. ಕೇಳಿಸಿಕೊಳ್ಳುತ್ತಿರುವ ವಿದ್ಯಾರ್ಥಿಗೆ ಉಳಿದವರು ಏನು ಮಾಡುತ್ತಿದ್ದಾರೆಂದು ತಿಳಿಯುವ ದಾರಿಯಿಲ್ಲ. ಬದಲಿಸಿದ್ದು ಒಂದೇ ಸಂಗತಿ, ಅದೆಂದರೆ ಇದನ್ನು ತಾನೊಬ್ಬನೇ ಕೇಳುತ್ತಿದ್ದೇನೆಂದು ಅವನು ನಂಬಿದ್ದಾನೆಯೋ, ಇನ್ನೂ ಹಲವರು ಕೇಳುತ್ತಿದ್ದಾರೆಂದು ನಂಬಿದ್ದಾನೆಯೋ ಎಂಬುದು. ತಾನೊಬ್ಬನೇ ಎಂದುಕೊಂಡವರಲ್ಲಿ ಆ ಧ್ವನಿ ನಿಲ್ಲುವುದರೊಳಗೆ ಎದ್ದು ಹೊರಗೆ ಬಂದು ತಿಳಿಸಿದವರು 85%. ಇನ್ನೊಬ್ಬನೂ ಕೇಳುತ್ತಿದ್ದಾನೆ ಎಂದುಕೊಂಡವರಲ್ಲಿ 62%. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ 31% ಮಾತ್ರ.

ಅಂಕಿಗಳಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಆ ವರದಿಯಲ್ಲಿದೆ, ಆದರೆ ಅದನ್ನು ಯಾರೂ ಹೇಳುವುದಿಲ್ಲ. ಏಳದೆ ಕುಳಿತವರು ನಿರಾಳವಾಗಿರಲಿಲ್ಲ. ಪ್ರಯೋಗ ನಡೆಸುವವರು ಕೋಣೆಯೊಳಗೆ ಬಂದಾಗ ಅವರಲ್ಲಿ ಹಲವರ ಕೈ ನಡುಗುತ್ತಿತ್ತು, ಅಂಗೈ ಬೆವರಿತ್ತು. ಆ ಹುಡುಗನನ್ನು ಯಾರಾದರೂ ನೋಡಿಕೊಳ್ಳುತ್ತಿದ್ದಾರೆಯೇ ಎಂದು ಅವರೇ ಕೇಳಿದರು. ಎಂದಮೇಲೆ ಅವರ ಎದೆ ಬತ್ತಿಹೋಗಿತ್ತೆಂಬ ವಿವರಣೆ ನಿಲ್ಲುವುದಿಲ್ಲ. ಏಳಬೇಕೋ ಬೇಡವೋ ಎಂಬ ತಾಕಲಾಟದಲ್ಲಿ ಸಿಕ್ಕಿ, ತೀರ್ಮಾನಕ್ಕೆ ಬಾರದೆ ಕುಳಿತಿದ್ದರೆನ್ನುವುದೇ ಸರಿ. ಹೊಣೆ ಒಬ್ಬನ ಮೇಲಿದ್ದಾಗ ಏಳದಿದ್ದುದರ ಪಾಪವೂ ಪೂರ್ತಿ ಅವನದೇ ಆಗುತ್ತದೆ. ಐವರಿದ್ದಾಗ ಅದು ಹಂಚಿಹೋಗುತ್ತದೆ, ಜೊತೆಗೆ ಬೇರೆ ಯಾರೋ ಆಗಲೇ ಎದ್ದಿರಬಹುದೆಂಬ ಸಮಾಧಾನವೂ ಸಿಗುತ್ತದೆ.

ಇದೇ ಇಬ್ಬರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಡೆಸಿದ ಇನ್ನೊಂದು ಪ್ರಯೋಗ ಕಣ್ಣಿಗೆ ಕಾಣುವ ಗುಂಪಿನದು. ವಿದ್ಯಾರ್ಥಿಗಳು ಕೋಣೆಯೊಂದರಲ್ಲಿ ಕುಳಿತು ಪ್ರಶ್ನಾವಳಿ ತುಂಬುತ್ತಿರುವಾಗ ಗೋಡೆಯ ಕಿಂಡಿಯಿಂದ ಹೊಗೆ ಬರತೊಡಗುತ್ತದೆ. ಒಂಟಿಯಾಗಿದ್ದವರಲ್ಲಿ 75% ಜನ ಹೊರಗೆ ಹೋಗಿ ವಿಷಯ ತಿಳಿಸಿದರು. ಹೊಗೆಯನ್ನು ಕಂಡೂ ಕಾಣದಂತೆ ಬರೆಯುತ್ತಲೇ ಇರಬೇಕೆಂದು ಮೊದಲೇ ಹೇಳಿಸಿಕೊಂಡ ಇಬ್ಬರ ಜೊತೆ ಕುಳಿತವರಲ್ಲಿ ತಿಳಿಸಿದವರು 10%. ಉಳಿದವರು ಕೆಮ್ಮಿದರು, ಕಣ್ಣುಜ್ಜಿಕೊಂಡರು, ಕಿಟಕಿ ತೆರೆದರು, ಆದರೆ ಎದ್ದು ಹೋಗಲಿಲ್ಲ. ಆಮೇಲೆ ಕೇಳಿದಾಗ ಅದು ಹಬೆಯೆಂದೋ, ಏರ್ ಕಂಡೀಷನರಿನ ಆವಿಯೆಂದೋ ಹೇಳಿದರು. ಪ್ರಶ್ನೆಗಳಿಗೆ ನಿಜವಾದ ಉತ್ತರ ಬರಲೆಂದು ಬಿಟ್ಟ 'ಸತ್ಯ ನುಡಿಸುವ ಅನಿಲ' ಎಂದವರೂ ಇದ್ದರು! ಇಲ್ಲಿ ನಡೆದದ್ದು ಹೊಣೆಯ ಹಂಚಿಕೆ ಮಾತ್ರವಲ್ಲ. ಎದುರಿಗಿರುವುದು ಅಪಾಯವೋ ಅಲ್ಲವೋ ಎಂಬುದನ್ನು ಪ್ರತಿಯೊಬ್ಬರೂ ಪಕ್ಕದವರ ಮುಖ ನೋಡಿ ತೀರ್ಮಾನಿಸುತ್ತಾರೆ, ಮತ್ತು ಗಾಬರಿಯನ್ನು ತೋರಗೊಡದೆ ಎಲ್ಲರೂ ಪರಸ್ಪರ ಮುಖ ನೋಡುತ್ತಿರುವುದರಿಂದ ಎಲ್ಲರಿಗೂ ಕಾಣುವುದು ಶಾಂತವಾದ ಮುಖಗಳೇ.

ವ್ಯಕ್ತಿಯ ಗುಣ ಏನೂ ಅಲ್ಲವೇ ಎಂದು ತಾವು ಕೇಳಬಹುದು. 1973ರಲ್ಲಿ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಪ್ರಿನ್ಸ್‌ಟನ್ನಿನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಭಾಷಣ ಮಾಡಲೆಂದು ಪಕ್ಕದ ಕಟ್ಟಡಕ್ಕೆ ಕಳುಹಿಸಿದರು. ದಾರಿಯ ಓಣಿಯಲ್ಲಿ ಒಬ್ಬ ಮನುಷ್ಯ ಕುಸಿದು ಕುಳಿತು ನರಳುತ್ತಿದ್ದ. ಸಮಯ ಬೇಕಾದಷ್ಟಿದೆ ಎಂದು ಹೇಳಿಸಿಕೊಂಡವರಲ್ಲಿ 63% ಜನ ಒಂದಲ್ಲ ಒಂದು ರೀತಿ ನೆರವಾದರೆ, ಆಗಲೇ ತಡವಾಗಿದೆ ಎಂದು ಹೇಳಿಸಿಕೊಂಡವರಲ್ಲಿ ನೆರವಾದವರು 10%. ಅರ್ಧ ಜನರ ಭಾಷಣದ ವಿಷಯವೇ ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದ, ಬೈಬಲಿನ ದಯಾಳು ಸಮಾರ್ಯದವನ ದೃಷ್ಟಾಂತವಾಗಿತ್ತು. ಅದರಿಂದ ಗಮನಾರ್ಹ ವ್ಯತ್ಯಾಸವೇನೂ ಆಗಲಿಲ್ಲ.

ಉತ್ತರ: ಸಂದೇಹವಾದಿ

ಮೇಡಂ ಅವರು ಪ್ರಯೋಗಗಳನ್ನು ಸರಿಯಾಗಿಯೇ ವಿವರಿಸಿದ್ದಾರೆ. ಆದರೆ ತರಬೇತಿಯಲ್ಲಿ ಹೇಳಿದ ಆ 38 ಜನರ ಕಥೆಯನ್ನು ಹಾಗೆಯೇ ಬಿಟ್ಟರೆ ತಪ್ಪಾಗುತ್ತದೆ, ಏಕೆಂದರೆ ಇಡೀ ಸಂಶೋಧನೆಗೆ ನಾಂದಿಯಾದದ್ದೇ ಆ ಕಥೆ.

ಕಿಟ್ಟಿ ಜೆನೊವೀಸ್ ಎಂಬ 28 ವರ್ಷದ ಯುವತಿಯ ಕೊಲೆಯಾದದ್ದು 1964ರ ಮಾರ್ಚ್ 13ರ ನಸುಕಿನಲ್ಲಿ, ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಕ್ಯೂ ಗಾರ್ಡನ್ಸ್‌ನಲ್ಲಿ. ಎರಡು ವಾರಗಳ ತರುವಾಯ 'ನ್ಯೂಯಾರ್ಕ್ ಟೈಮ್ಸ್' ತನ್ನ ಮುಖಪುಟದಲ್ಲಿ, ಮರ್ಯಾದಸ್ಥರಾದ 38 ನಾಗರಿಕರು ಅರ್ಧ ಗಂಟೆಗೂ ಹೆಚ್ಚು ಕಾಲ ಹಂತಕ ಮೂರು ಸಲ ಎರಗಿದ್ದನ್ನು ನೋಡುತ್ತ ನಿಂತರೆಂದೂ, ಒಬ್ಬರೂ ಆ ವೇಳೆಯಲ್ಲಿ ಪೊಲೀಸರಿಗೆ ಕರೆ ಮಾಡಲಿಲ್ಲವೆಂದೂ ಬರೆಯಿತು. ನಿಜವಾಗಿ ನಡೆದದ್ದು ಎರಡು ಹಲ್ಲೆ. ಮೊದಲನೆಯದು ಬೀದಿಯಲ್ಲಿ ನಡೆದಾಗ ಒಬ್ಬ ನೆರೆಯಾತ ಕಿಟಕಿಯಿಂದ ಕೂಗಿ ಗದರಿಸಿದ್ದರಿಂದ ಹಂತಕ ಓಡಿದ. ಗಾಯಗೊಂಡ ಆಕೆ ಕಟ್ಟಡದ ಹಿಂಬದಿಗೆ ನಡೆದು ಬಾಗಿಲೊಳಗೆ ಕುಸಿದಳು, ಮತ್ತು ಹಂತಕ ಮರಳಿ ಬಂದು ಎರಡನೆಯ ಸಲ ಇರಿದದ್ದು ಹೆಚ್ಚಿನ ಕಿಟಕಿಗಳಿಗೆ ಕಾಣದ ಆ ಜಾಗದಲ್ಲಿ. ನೋಡಿಯೂ ಕೈಕಟ್ಟಿ ಕುಳಿತವರು ಖಂಡಿತ ಇದ್ದರು, ಆದರೆ ಅವರು ಕೆಲವರೇ. ಸೋಫಿಯಾ ಫೆರಾರ್ ಎಂಬ ನೆರೆಯಾಕೆ ಹಂತಕ ಅಲ್ಲೇ ಇದ್ದಾನೋ ಇಲ್ಲವೋ ಎಂದು ತಿಳಿಯದೆಯೇ ಮೆಟ್ಟಿಲಿಳಿದು ಹೋಗಿ, ಕಿಟ್ಟಿಯನ್ನು ತೋಳಿನಲ್ಲಿ ಹಿಡಿದು ಕುಳಿತಿದ್ದಳು. ಸೋಫಿಯಾಳ ಈ ಸಂಗತಿ ಆ ವರದಿಯಲ್ಲಿ ಬರಲಿಲ್ಲ. 2016ರಲ್ಲಿ ಹಂತಕ ಸೆರೆಮನೆಯಲ್ಲಿ ಸತ್ತಾಗ ಅದೇ ಪತ್ರಿಕೆ ತನ್ನ ಹಳೆಯ ವರದಿ ಸಾಕ್ಷಿಗಳ ಸಂಖ್ಯೆಯನ್ನೂ ಅವರು ಕಂಡದ್ದನ್ನೂ ಉತ್ಪ್ರೇಕ್ಷಿಸಿತ್ತೆಂದು ಒಪ್ಪಿಕೊಂಡಿತು. ಆದರೂ ಪಠ್ಯಪುಸ್ತಕಗಳಲ್ಲಿ ದಶಕಗಳ ಕಾಲ ಮಕ್ಕಳು ಓದಿದ್ದು ಆ 38 ಜನರನ್ನೇ.

ನನ್ನ ಆಕ್ಷೇಪ ಇನ್ನೂ ಒಂದಿದೆ. ಕೋಣೆಯೊಳಗೆ ಒಬ್ಬನನ್ನೇ ಕೂರಿಸಿ, ಹೊರಗಿನವರನ್ನು ಕಾಣದಂತೆ ಮಾಡಿ ಅಳೆದದ್ದನ್ನು ಬೀದಿಗೆ ಹೇಗೆ ಅನ್ವಯಿಸುತ್ತೀರಿ? 1969ರಲ್ಲಿ ಪಿಲಿಯಾವಿನ್ ಮತ್ತು ಸಂಗಡಿಗರು ನ್ಯೂಯಾರ್ಕಿನ ಸುರಂಗ ರೈಲಿನ ಬೋಗಿಯಲ್ಲಿ ಒಬ್ಬನನ್ನು ಕುಸಿದು ಬೀಳುವಂತೆ ಮಾಡಿ ನೋಡಿದರು. ಕೈಯಲ್ಲಿ ಊರುಗೋಲಿದ್ದಾಗ 65 ಸಲದಲ್ಲಿ 62 ಸಲ ಪ್ರಯಾಣಿಕರು ತಾವಾಗಿಯೇ ಎದ್ದು ಬಂದರು. ಹೆಂಡದ ವಾಸನೆ ಬರುತ್ತಿದ್ದು ಕೈಯಲ್ಲಿ ಸೀಸೆಯಿದ್ದಾಗ 38ರಲ್ಲಿ 19 ಸಲ. ಬೋಗಿಯಲ್ಲಿ ಹೆಚ್ಚು ಜನರಿದ್ದರೆ ನೆರವು ಕಡಿಮೆಯಾಗುತ್ತದೆಂಬುದು ಅಲ್ಲಿ ಕಾಣಿಸಲೇ ಇಲ್ಲ. ಇನ್ನೂ ಈಚಿನದು ಬೇಕಿದ್ದರೆ, ಆಮ್‌ಸ್ಟರ್‌ಡ್ಯಾಮ್, ಇಂಗ್ಲೆಂಡಿನ ಲ್ಯಾಂಕಾಸ್ಟರ್ ಮತ್ತು ಕೇಪ್‌ಟೌನ್ ನಗರಗಳ ಸಿಸಿಟಿವಿಯಲ್ಲಿ ದಾಖಲಾದ 219 ಬೀದಿ ಜಗಳಗಳನ್ನು ರಿಚರ್ಡ್ ಫಿಲ್ಪಾಟ್ ಮತ್ತು ಸಂಗಡಿಗರು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದರು. ಹತ್ತರಲ್ಲಿ ಒಂಬತ್ತು ಪ್ರಕರಣಗಳಲ್ಲಿ ನೋಡುತ್ತಿದ್ದವರಲ್ಲಿ ಒಬ್ಬರಾದರೂ ನಡುವೆ ಬಂದಿದ್ದರು, ಮತ್ತು ಜನ ಹೆಚ್ಚಿದ್ದಷ್ಟೂ ಯಾರಾದರೂ ಬರುವ ಸಾಧ್ಯತೆ ಹೆಚ್ಚಾಗಿತ್ತು. ಸುದ್ದಿಯಾಗುವುದು ಮಾತ್ರ ಯಾರೂ ಬಾರದ ಹತ್ತನೆಯದು.

ಹರಿಹರದ ಓದುಗ

ಇಬ್ಬರಿಗೂ ಧನ್ಯವಾದಗಳು. ಆದರೆ ಈಗ ನನ್ನ ಗೊಂದಲ ಹೆಚ್ಚಾಯಿತು. ಜನ ಹೆಚ್ಚಿದ್ದಷ್ಟೂ ನೆರವು ಕಡಿಮೆ ಎಂದು ಒಬ್ಬರು, ಹೆಚ್ಚು ಎಂದು ಇನ್ನೊಬ್ಬರು. ಎರಡೂ ಅಧ್ಯಯನಗಳು ಸರಿಯಾಗಿರಲು ಹೇಗೆ ಸಾಧ್ಯ?

ಮನಶ್ಶಾಸ್ತ್ರ ಉಪನ್ಯಾಸಕಿ, ಧಾರವಾಡ

ಸಾಧ್ಯವಿದೆ, ಏಕೆಂದರೆ ಅವು ಎರಡು ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು. ನೋಡುತ್ತಿರುವ ನಾನು ಏಳುತ್ತೇನೆಯೇ ಎಂಬುದು ಒಂದು, ಬಿದ್ದವನಿಗೆ ಯಾರಿಂದಲಾದರೂ ನೆರವು ಸಿಗುತ್ತದೆಯೇ ಎಂಬುದು ಇನ್ನೊಂದು. ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿ. ಫಿಟ್ಸ್ ಪ್ರಯೋಗದಲ್ಲಿ ಐವರು ಕೇಳುತ್ತಿದ್ದಾರೆಂದು ನಂಬಿದವನು ಏಳುವ ಸಾಧ್ಯತೆ 31%, ಅಂದರೆ ಏಳದಿರುವ ಸಾಧ್ಯತೆ 69%. ಒಬ್ಬರನ್ನೊಬ್ಬರು ಕಾಣದ ನಿಜವಾದ ಐವರು ಅಲ್ಲಿದ್ದು, ಐವರೂ ಏಳದಿರಬೇಕಾದರೆ 0.69ನ್ನು ಐದು ಸಲ ಗುಣಿಸಬೇಕು, ಅದು ಸುಮಾರು 0.16 ಆಗುತ್ತದೆ. ಎಂದರೆ ಒಬ್ಬನಾದರೂ ಎದ್ದು ಬರುವ ಸಾಧ್ಯತೆ ಸುಮಾರು 84%. ಒಬ್ಬನೇ ಕೇಳುತ್ತಿದ್ದಾಗಲೂ ಅದು 85% ಇತ್ತು. ಇಬ್ಬರ ಲೆಕ್ಕವನ್ನು ಹೀಗೆಯೇ ಮಾಡಿದರೂ ಉತ್ತರ ಅಲ್ಲಿಗೇ ಬರುತ್ತದೆ. ಬಿದ್ದವನ ಕಡೆಯಿಂದ ನೋಡಿದರೆ ಜನ ಹೆಚ್ಚಾದದ್ದರಿಂದ ಅವನು ಕಳೆದುಕೊಂಡದ್ದು ಹೆಚ್ಚೇನೂ ಇಲ್ಲ.

ಆದರೆ ಜನ ಒಬ್ಬರನ್ನೊಬ್ಬರು ಕಾಣುತ್ತ ಸುಮ್ಮನಿದ್ದಾಗ ಈ ಲೆಕ್ಕ ಕುಸಿಯುತ್ತದೆ. ಹೊಗೆಯ ಪ್ರಯೋಗದಲ್ಲಿ ಏನೂ ತಿಳಿಯದ ಮೂವರನ್ನು ಒಟ್ಟಿಗೆ ಕೂರಿಸಿದ ಗುಂಪುಗಳೂ ಇದ್ದವು. ಒಂಟಿಯಾಗಿ 75% ಏಳುವವರನ್ನು ಮೂವರನ್ನಾಗಿ ಸೇರಿಸಿದರೆ ಪ್ರತಿ ಗುಂಪಿನಲ್ಲೂ ಒಬ್ಬನಾದರೂ ಎದ್ದೇಳಬೇಕು, ಲೆಕ್ಕದ ಪ್ರಕಾರ 98%. ನಿಜವಾಗಿ ಎದ್ದದ್ದು ಎಂಟು ಗುಂಪುಗಳಲ್ಲಿ ಮೂರು. ಅಂದರೆ ಅವರು ಮೂವರು ಬೇರೆ ಬೇರೆ ಜನರಂತೆ ಯೋಚಿಸಲಿಲ್ಲ, ಒಬ್ಬರ ಸ್ತಬ್ಧತೆ ಇನ್ನೊಬ್ಬರಿಗೆ ಸಾಕ್ಷ್ಯವಾಯಿತು. ಬೀದಿ ಜಗಳದಲ್ಲಿ ಹಾಗಾಗುವುದಿಲ್ಲ. ಅಲ್ಲಿ ನಡೆಯುತ್ತಿರುವುದೇನೆಂಬುದರಲ್ಲಿ ಯಾರಿಗೂ ಸಂದೇಹವಿರುವುದಿಲ್ಲ, ಜನ ಒಬ್ಬರ ಮುಖದ ಗಾಬರಿಯನ್ನೊಬ್ಬರು ಕಾಣುತ್ತಾರೆ. 2011ರಲ್ಲಿ ಪೀಟರ್ ಫಿಷರ್ ಮತ್ತು ಸಂಗಡಿಗರು ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗಲೂ, ಅಪಾಯ ಸ್ಪಷ್ಟವಾಗಿದ್ದಷ್ಟೂ ಗುಂಪಿನ ಈ ಪರಿಣಾಮ ತಗ್ಗುತ್ತದೆಂದೇ ಕಂಡುಬಂದಿತು.

'ಸಂದೇಹವಾದಿ'ಯವರ ಊರುಗೋಲು ಮತ್ತು ಸೀಸೆಯ ಉದಾಹರಣೆಗೆ ಒಂದು ಮಾತು ಸೇರಿಸಬೇಕು. ಬಿದ್ದವನು ಯಾರೆಂದು ನಾವು ಕಾಣುತ್ತೇವೆಂಬುದು ಗುಂಪಿನ ಗಾತ್ರದಷ್ಟೇ ಬಲವಾದ ಅಂಶ. ಮಾರ್ಕ್ ಲೆವಿನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳು ಜಾರಿಬಿದ್ದವನ ಮೈಮೇಲೆ ತಮ್ಮ ತಂಡದ ಅಂಗಿಯಿದ್ದರೆ ಬಹುಪಾಲು ನಿಂತು ವಿಚಾರಿಸಿದರು, ಎದುರಾಳಿ ಲಿವರ್‌ಪೂಲ್ ತಂಡದ ಅಂಗಿಯಿದ್ದರೆ ಬಹುಪಾಲು ಮುಂದೆ ಸಾಗಿದರು. ಪ್ರಯೋಗದ ಆರಂಭದಲ್ಲಿ ತಂಡದ ಬದಲು ಫುಟ್‌ಬಾಲ್ ಪ್ರೇಮದ ಬಗ್ಗೆ ಮಾತನಾಡಿಸಿದಾಗ ಲಿವರ್‌ಪೂಲ್ ಅಂಗಿಯವನಿಗೂ ನೆರವು ಸಿಕ್ಕಿತು. ನಮ್ಮಲ್ಲಿ ಅಂಗಿಯ ಬದಲು ಏನೇನನ್ನು ನೋಡಿ ಜನ ನಿಲ್ಲುತ್ತಾರೆ, ಏನೇನನ್ನು ನೋಡಿ ಸರಿಯುತ್ತಾರೆ ಎಂಬುದನ್ನು ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಉತ್ತರ: ಆಂಬುಲೆನ್ಸ್ ಸಿಬ್ಬಂದಿ

ನಾನು ಮನಶ್ಶಾಸ್ತ್ರ ಓದಿದವನಲ್ಲ. ತುರ್ತು ವಾಹನದಲ್ಲಿ ಕೆಲಸ ಮಾಡುವವನಾಗಿ, ಮೇಲಿನ ಚರ್ಚೆಯಲ್ಲಿ ಬಾರದ ಒಂದು ಕಾರಣವನ್ನು ಹೇಳಲೇಬೇಕೆನ್ನಿಸಿತು. ನಮ್ಮ ಹೆದ್ದಾರಿಗಳಲ್ಲಿ ಗುಂಪಿನ ಗಾತ್ರಕ್ಕಿಂತ ಹೆಚ್ಚಾಗಿ ಕೈ ಕಟ್ಟಿಹಾಕುವುದು ಪೊಲೀಸ್ ಠಾಣೆಯ ಮತ್ತು ಕೋರ್ಟಿನ ಭಯ. ಗಾಯಾಳುವನ್ನು ಗಾಡಿಗೆ ಏರಿಸಲು ನಾಲ್ಕು ಕೈ ಸಲೀಸಾಗಿ ಬರುತ್ತವೆ, ಆದರೆ ಜೊತೆಗೆ ಆಸ್ಪತ್ರೆಗೆ ಬನ್ನಿ ಎಂದರೆ ಆ ನಾಲ್ಕು ಕೈಗಳೂ ಮಾಯವಾಗುತ್ತವೆ. 'ನಾಳೆ ನನ್ನನ್ನೇ ಗುದ್ದಿದವನು ಅಂದರೆ ಏನು ಮಾಡಲಿ ಸಾರ್' ಎಂದು ಮುಖಕ್ಕೇ ಹೇಳಿದವರಿದ್ದಾರೆ. ಅವರಿಗೆ ಹೊಣೆ ಹಂಚಿಹೋಗಿದೆ ಎನ್ನುವುದಕ್ಕಿಂತ, ಹೊಣೆ ತಮ್ಮೊಬ್ಬರ ತಲೆಗೇ ಕಟ್ಟಿಕೊಳ್ಳುತ್ತದೆಂಬ ಹೆದರಿಕೆ.

ಈ ಹೆದರಿಕೆಗೆ ಈಗ ಕಾನೂನಿನ ಆಧಾರವಿಲ್ಲ. ಗಾಯಾಳುವಿಗೆ ನೆರವಾದವರನ್ನು ಪೀಡಿಸಬಾರದೆಂಬ ಕೇಂದ್ರದ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟು 2016ರ ಮಾರ್ಚಿನಲ್ಲಿ ಕಡ್ಡಾಯದ ಬಲ ಕೊಟ್ಟಿತು. ಕರ್ನಾಟಕ ಅದೇ ವರ್ಷ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು, ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿ, ಸದುದ್ದೇಶದಿಂದ ನೆರವಾದವರ ಮೇಲೆ ಗಾಯಾಳುವಿಗೆ ಆದ ಹಾನಿಗಾಗಿ ಮೊಕದ್ದಮೆ ಹೂಡುವಂತಿಲ್ಲವೆಂದಾಯಿತು. ಹೆಸರು, ವಿಳಾಸ ಕೊಡಲೇಬೇಕೆಂಬ ಬಲವಂತವೂ ಇಲ್ಲ.

ಸಂದೇಹವಾದಿ

ಇದು ಬಹಳ ಮುಖ್ಯವಾದ ಸೇರ್ಪಡೆ. ಅಮೆರಿಕದ ಕಾಲೇಜಿನ ಕೋಣೆಯಲ್ಲಿ ಕುಳಿತವನಿಗೆ ಠಾಣೆಗೆ ಅಲೆಯಬೇಕಾದೀತೆಂಬ ಚಿಂತೆಯಿರಲಿಲ್ಲ, ಆದ್ದರಿಂದ ಆ ಪ್ರಯೋಗ ಅದನ್ನು ಅಳೆಯಲೂ ಇಲ್ಲ. ಆದರೆ ಒಂದು ಪ್ರಶ್ನೆ: ಕಾನೂನು ಬದಲಾಗಿ ಇಷ್ಟು ವರ್ಷಗಳಾದ ಮೇಲೂ ಹೆದರಿಕೆ ಉಳಿದಿರುವುದೇಕೆ?

ಮನಶ್ಶಾಸ್ತ್ರ ಉಪನ್ಯಾಸಕಿ, ಧಾರವಾಡ

ಅದಕ್ಕೂ ಹೊಗೆಯ ಕೋಣೆಯೇ ಉತ್ತರ ಎನ್ನಿಸುತ್ತದೆ. ಕಾನೂನನ್ನು ಓದಿ ತಿಳಿಯುವವರಿಗಿಂತ ಪಕ್ಕದವರ ನಡವಳಿಕೆಯಿಂದ ತಿಳಿಯುವವರೇ ಹೆಚ್ಚು. ಗುಂಪಿನಲ್ಲಿ ಎಲ್ಲರೂ ದೂರ ನಿಂತಿದ್ದರೆ, ಹತ್ತಿರ ಹೋಗುವುದು ಅಪಾಯವೆಂದು ಎಲ್ಲರಿಗೂ ಗೊತ್ತಿರಬೇಕೆಂದು ಹೊಸದಾಗಿ ಬಂದವನು ಊಹಿಸುತ್ತಾನೆ. ಹಿಂದೆ ಠಾಣೆ ಅಲೆದ ಒಬ್ಬ ಸಂಬಂಧಿಕನ ಕಥೆ ಹತ್ತು ಮನೆಗಳಲ್ಲಿ ಕೇಳಿಬರುತ್ತದೆ, ಏನೂ ತೊಂದರೆಯಾಗದೆ ಮನೆಗೆ ಮರಳಿದವನ ಅನುಭವ ಕಥೆಯೇ ಆಗುವುದಿಲ್ಲ. ಈ ಕೊನೆಯದು ಪ್ರಯೋಗದಿಂದ ಸಿದ್ಧವಾದದ್ದಲ್ಲ, ನನ್ನ ಅಭಿಪ್ರಾಯವೆಂದೇ ತಿಳಿಯಿರಿ.

ಹರಿಹರದ ಓದುಗ

ಕೊನೆಯದಾಗಿ ಒಂದು. ಇಷ್ಟೆಲ್ಲ ತಿಳಿದ ಮೇಲೆ, ಅಂಥ ಗುಂಪಿನ ನಡುವೆ ಸಿಕ್ಕವನು ಮಾಡಬಹುದಾದದ್ದೇನು?

ಆಂಬುಲೆನ್ಸ್ ಸಿಬ್ಬಂದಿ

'ಯಾರಾದರೂ ಫೋನ್ ಮಾಡ್ರಪ್ಪಾ' ಎಂದು ಗುಂಪಿಗೆ ಕೂಗಬೇಡಿ, ಯಾರೂ ಮಾಡುವುದಿಲ್ಲ, ಅಥವಾ ಹತ್ತು ಜನ ಒಟ್ಟಿಗೆ ಮಾಡುತ್ತಾರೆ. ಒಬ್ಬರನ್ನು ಬೆರಳು ಮಾಡಿ ತೋರಿಸಿ: 'ನೀಲಿ ಅಂಗಿ ಅಣ್ಣಾ, ನೀವು 108ಕ್ಕೆ ಮಾಡಿ, ಎಷ್ಟು ಹೊತ್ತಿಗೆ ಬರುತ್ತಾರಂತೆ ನನಗೆ ಹೇಳಿ.' ಇನ್ನೊಬ್ಬರಿಗೆ ಗಾಡಿಗಳನ್ನು ಪಕ್ಕಕ್ಕೆ ತಿರುಗಿಸಲು ಹೇಳಿ. ಚಿತ್ರ ತೆಗೆಯುತ್ತಿರುವವರಿಗೆ ಬೈಯುವ ಬದಲು, ಆ ಫೋನಿನ ಟಾರ್ಚು ಹಾಕಿ ಇಲ್ಲಿ ಹಿಡಿಯಿರಿ ಎನ್ನಿ, ನಾನು ಹೇಳಿದಾಗ ಇದುವರೆಗೆ ಯಾರೂ ಒಲ್ಲೆ ಎಂದಿಲ್ಲ. ರಕ್ತ ಸುರಿಯುತ್ತಿರುವ ಕಡೆ ಶುಭ್ರವಾದ ಬಟ್ಟೆಯನ್ನು ಮಡಿಸಿ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನಾವು ಬರುವವರೆಗೂ ಬಿಡಬೇಡಿ. ಬೆಂಕಿಯೋ ಎದುರಿನಿಂದ ಗಾಡಿ ನುಗ್ಗುವ ಭಯವೋ ಇಲ್ಲದಿದ್ದರೆ ಗಾಯಾಳುವನ್ನು ಎಳೆದಾಡಬೇಡಿ, ಕುತ್ತಿಗೆಯನ್ನು ಅಲುಗಿಸಬೇಡಿ, ಬಾಯಿಗೆ ನೀರು ಹಾಕಬೇಡಿ. 108ಕ್ಕೆ ಕರೆ ಮಾಡಿದವರು ಜಾಗವನ್ನು ಹೇಳುವಾಗ ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೋ ಹತ್ತಿರದ ಪೆಟ್ರೋಲ್ ಬಂಕಿನ ಹೆಸರನ್ನೋ ಹೇಳಿದರೆ, ಯಾವ ಊರು ದಾಟಿ ಎಷ್ಟು ದೂರ ಎಂದು ನಾವು ಮತ್ತೆ ಮತ್ತೆ ಕೇಳುವುದು ತಪ್ಪುತ್ತದೆ.